ನಾಲ್ಕು ದಡಿಯ ಸೆರಗು

“ಇನ್ನೊಬ್ಬರ ಮನ್ಯಾಗ ಇರಬೇಕು, ನಮ್ಮತನಾನೂ ಬಿಡಬಾರದು. ಅದು ಹೆಂಗ್ರಿ ಮಾಸ್ತರ್ರ?” ಎಂದು ದಾಕ್ಷಾಯಣಿ ಕೇಳಿದಳು.

ಸಂಗನಬಸಪ್ಪ ಮಾಸ್ತರರು ಮನೆಯ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಪ್ರಶ್ನೆ ಕೇಳಿದ್ದೇ ಅವರ ಮುಖ ಅರಳಿತು.

“ಲಗ್ನ ಗೊತ್ತಾತೇನವ್ವಾ? ಯಾವೂರು?”

“ನಂದಲ್ರಿ,” ಎಂದಳು ದಾಕ್ಷಾಯಣಿ. “ಗರಿದು.”

ಗರಿ ಅವಳ ಮಗಳಲ್ಲ, ತಂಗಿಯೂ ಅಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಅವಳು ತಯಾರಿಸಿದ ಎಡಿಟರ್. ಐದು ವರ್ಷ ಒಬ್ಬಳೇ ಕುಳಿತು ಮಾಡಿದ್ದಳು. ಮಾಸ್ತರರಿಗೆ ಅದರ ಜಾತಕವೆಲ್ಲ ಗೊತ್ತಿತ್ತು. ಊರಿನ ಅರ್ಧ ಜನಕ್ಕೆ ಟೈಪಿಂಗ್ ಕಲಿಸಿದವರು ಅವರು. ಟೈಪಿಂಗ್ ಯಂತ್ರಗಳ ಕಾಲ ಮುಗಿದ ಮೇಲೆ ಅದೇ ಬೆಂಚುಗಳ ಮೇಲೆ ಕಂಪ್ಯೂಟರ್ ಇಟ್ಟು ಅದನ್ನೂ ಕಲಿಸಿದರು. ಅವರ ಕೈಯಲ್ಲಿ ಕಲಿತವರಲ್ಲಿ ದಾಕ್ಷಾಯಣಿಯಷ್ಟು ಹಟಮಾರಿ ಇನ್ನೊಬ್ಬಳಿಲ್ಲ ಎಂದು ಅವರು ಎಲ್ಲರೆದುರೂ ಹೇಳುತ್ತಿದ್ದರು. ಅದು ಬೈಗುಳವೋ ಹೊಗಳಿಕೆಯೋ ಎಂದು ಅವಳಿಗೆ ಇಂದಿಗೂ ಬಗೆಹರಿದಿಲ್ಲ.

“ಗರಿಗೆ ಏನಾತು?” ಎಂದರು ಮಾಸ್ತರರು.

ಆದದ್ದು ಇಷ್ಟು. ಮೆಹಬೂಬ ಎಂಬ ಹುಡುಗ ಮಾಸ್ತರರ ಶಾಲೆಯಲ್ಲೇ ಇವಳಿಗಿಂತ ಮೂರು ವರ್ಷ ತಡವಾಗಿ ಕಲಿತವನು. ಈಗ ಹುಡುಗನೇನಲ್ಲ, ಎರಡು ಮಕ್ಕಳ ತಂದೆ. ಆದರೆ ದಾಕ್ಷಾಯಣಿಗೆ ಇನ್ನೂ ಹುಡುಗನೇ. ಅವನು ಲಗ್ನಪತ್ರಿಕೆ ಮಾಡುವ ಒಂದು ತಂತ್ರಾಂಶ ಬರೆದಿದ್ದ. ಹೆಸರು ‘ಅಕ್ಷತೆ’. ಸುತ್ತಿನ ಮೂರು ಜಿಲ್ಲೆಗಳ ಪ್ರೆಸ್ಸುಗಳಲ್ಲಿ ಅದರ ಮೇಲೇ ಕೆಲಸ. ದೇವರ ಚಿತ್ರ ಆರಿಸಬೇಕು, ಅಂಚಿನ ಬಳ್ಳಿ ಆರಿಸಬೇಕು, ಬಣ್ಣ ಆರಿಸಬೇಕು, ನಡುವೆ ಇರುವ ಚೌಕದಲ್ಲಿ ವಧೂವರರ ಹೆಸರು, ಊರು, ಮುಹೂರ್ತ ಬರೆಯಬೇಕು. ಚಿತ್ರ, ಬಳ್ಳಿ, ಬಣ್ಣ ಎಲ್ಲವೂ ಸೊಗಸಾಗಿದ್ದವು. ಬರೆಯುವ ಚೌಕ ಮಾತ್ರ ಕನ್ನಡದ ಶತ್ರುವಿನಂತೆ ವರ್ತಿಸುತ್ತಿತ್ತು. ‘ಆಶೀರ್ವಾದ’ ಎಂದು ಬರೆದರೆ ಅರ್ಕಾವೊತ್ತು ಒಂದು ಅಕ್ಷರ ಹಾರಿ ಹೋಗಿ ‘ಆಶೀವಾರ್ದ’ ಆಗುತ್ತಿತ್ತು. ಎಷ್ಟೋ ಮದುಮಕ್ಕಳು ಆಶೀವಾರ್ದ ಪಡೆದೇ ಸಂಸಾರ ಹೂಡಿದರು.

ಗರಿಯಲ್ಲಿ ಆ ಕಾಟ ಇರಲಿಲ್ಲ. ಅಲ್ಲಿ ಒತ್ತು ಒತ್ತಿನ ಜಾಗದಲ್ಲೇ ಕೂಡುತ್ತಿತ್ತು. ತಪ್ಪಾದ ಒತ್ತನ್ನು ಅಳಿಸಿದರೆ ಒತ್ತು ಮಾತ್ರ ಹೋಗುತ್ತಿತ್ತು, ಅಕ್ಷರ ನಿಲ್ಲುತ್ತಿತ್ತು. ಅದಕ್ಕೇ ಮೆಹಬೂಬ ಬಂದು ಕೇಳಿದ: “ಅಕ್ಕಾ, ನಿಮ್ಮ ಗರಿನ್ನ ನನ್ನ ಅಕ್ಷತೆಯೊಳಗ ಕೂಡಿಸ್ಕೊಳ್ಳಲೇನ್ರಿ?” ದಾಕ್ಷಾಯಣಿಗೆ ಆ ದಿನ ಆದ ಸಂತೋಷ ಅಷ್ಟಿಷ್ಟಲ್ಲ. ಕೊಟ್ಟಳು. ಗರಿ ಅಕ್ಷತೆಯ ಮನೆ ಸೇರಿತು.

ಸೇರಿದ್ದೇನೋ ಸರಿ, ಆದರೆ ಬರಿಗೈಯಲ್ಲಿ ಹೋಗಲಿಲ್ಲ. ತನ್ನ ಹೆಸರಿನ ಹಸಿರು ಪಟ್ಟಿಯನ್ನು ತಲೆಯ ಮೇಲೆ ಹೊತ್ತುಕೊಂಡೇ ಹೋಯಿತು. ಗುಂಡಿಗಳ ಸಾಲನ್ನು ಒಯ್ದಿತು. ಬರೆದದ್ದನ್ನು ತಂದು ಇಡುವ ತನ್ನ ಕಪಾಟನ್ನೂ ಒಯ್ದಿತು. ಯಾರು ತೆರೆದರೂ ಮೊದಲು ‘ಗರಿಗೆ ಸುಸ್ವಾಗತ, ಇಲ್ಲಿಂದ ಬರೆಯಲು ಆರಂಭಿಸಿರಿ’ ಎಂದು ಸ್ವಾಗತಿಸುತ್ತಿತ್ತು. ಅಕ್ಷತೆಯ ಮನೆಯಲ್ಲಿ ನಿಂತು ಅಕ್ಷತೆಯ ನೆಂಟರನ್ನು ಗರಿ ಒಳಕ್ಕೆ ಕರೆಯುತ್ತಿತ್ತು.

ಹೋದ ವಾರ ಒಂದು ಪ್ರೆಸ್ಸಿನಲ್ಲಿ ಒಬ್ಬಾತ ಲಗ್ನಪತ್ರಿಕೆ ಬರೆದ. ಚೆಂದಾಗಿ ಬರೆದ. ಬರೆದು ಮುಗಿಸಿ, ಅಭ್ಯಾಸದಂತೆ ಉಳಿಸಲು ಕಂಟ್ರೋಲ್ ಎಸ್ ಒತ್ತಿದ. ಒತ್ತಿದ ಕೀಲಿ ಅಕ್ಷತೆಗೆ ಮುಟ್ಟಬೇಕಿತ್ತು. ನಡುವೆ ಗರಿ ಅದನ್ನು ಹಿಡಿದುಕೊಂಡಿತು, ಬರೆದದ್ದೆಲ್ಲವನ್ನೂ ಜೋಪಾನವಾಗಿ ತನ್ನ ಕಪಾಟಿನಲ್ಲಿ ಇಟ್ಟುಕೊಂಡಿತು, ‘ಉಳಿಸಲಾಗಿದೆ’ ಎಂದು ಹೇಳಿತು. ಅಕ್ಷತೆಯ ಕೈಗೆ ಒಂದಕ್ಷರವೂ ಬರಲಿಲ್ಲ. ಅದರ ಹತ್ತಿರ ಇದ್ದದ್ದು ಗರಿ ಮೊಟ್ಟಮೊದಲು ತೋರಿಸಿದ ಸ್ವಾಗತದ ಸಾಲು ಮಾತ್ರ. ಅಕ್ಷತೆ ಪಾಪ, ಇದ್ದದ್ದನ್ನೇ ಅಚ್ಚಿಗೆ ಕಳಿಸಿತು. ಪರದೆಯ ಮೇಲೆ ಎಲ್ಲ ಸರಿಯಾಗಿ ಕಾಣುತ್ತಿದ್ದದ್ದರಿಂದ ಯಾರೂ ಅಚ್ಚಾದದ್ದನ್ನು ಬಿಡಿಸಿ ನೋಡಲಿಲ್ಲ. ಮುನ್ನೂರು ಪತ್ರಿಕೆಗಳು ಲಕೋಟೆ ಸೇರಿ ಹೆಣ್ಣಿನ ಮನೆಗೆ ಹೋದವು.

ಮೊದಲ ಪತ್ರಿಕೆಯನ್ನು ಮನೆದೇವರ ಮುಂದೆ ಇಟ್ಟು, ಅರಿಸಿನ ಕುಂಕುಮ ಹಚ್ಚಿ, ಹಿರಿಯರು ಗಟ್ಟಿಯಾಗಿ ಓದುವುದು ಆ ಮನೆಯ ರೂಢಿ. ಹುಡುಗಿಯ ಅಜ್ಜ ಚಸ್ಮಾ ಏರಿಸಿಕೊಂಡು ಓದಿದರು: “ಶ್ರೀ ವೀರಭದ್ರೇಶ್ವರ ಪ್ರಸನ್ನ. ಗರಿಗೆ ಸುಸ್ವಾಗತ. ಇಲ್ಲಿಂದ ಬರೆಯಲು ಆರಂಭಿಸಿರಿ.” ಓದಿ, ಕಣ್ಣು ಕಿರಿದು ಮಾಡಿ, ಸುತ್ತಲಿನವರನ್ನು ಕೇಳಿದರು: “ಗರಿ ಅಂದ್ರ ಯಾರು? ಇದು ಹುಡುಗನ ಕಡೆಯವರ ಮನೆತನದ ಹೆಸರೇನು?”

ಮದುವಣಗಿತ್ತಿ ಹೊಟ್ಟೆ ಹಿಡಿದುಕೊಂಡು ನಕ್ಕಳಂತೆ. ಪ್ರೆಸ್ಸಿನವನು ನಗಲಿಲ್ಲ. ಅವನು ಮೆಹಬೂಬನಿಗೆ ಫೋನು ಮಾಡಿದ. ಮೆಹಬೂಬ ದಾಕ್ಷಾಯಣಿಗೆ ಫೋನು ಮಾಡಿದ.

“ತಪ್ಪು ತಿಳೀಬ್ಯಾಡ್ರಿ ಅಕ್ಕಾ,” ಎಂದಿದ್ದ. “ಗರಿ ತನ್ನ ಪಟ್ಟಿ, ಕಪಾಟ ಎಲ್ಲಾ ಬಿಟ್ಟು ಒಳಗ ಇರೂದಾದ್ರ ಇರಲಿ. ಇಲ್ಲಾಂದ್ರ ಶುಕ್ರವಾರ ಸಂಜಿಗೆ ಅದನ್ನ ತಗದು ಹಳೇ ಚೌಕಾನ ಕೂಡಸ್ತೀನ್ರಿ. ಪ್ರೆಸ್ಸಿನವರು ನನ್ನ ಜೀವಾ ತಿನ್ನಾಕತ್ತ್ಯಾರ.”

ಇವತ್ತು ಶುಕ್ರವಾರ. ಬೆಳಗಿನ ಹತ್ತು ಗಂಟೆ.

“ಹೆಸರು ತಗೀಬೇಕಂತ, ಗುಂಡಿ ತಗೀಬೇಕಂತ, ಉಳಿಸೂದನ್ನ ಅವರಿಗೇ ಬಿಡಬೇಕಂತ,” ಎಂದಳು ದಾಕ್ಷಾಯಣಿ. “ಐದು ವರ್ಷದ ಕೆಲಸ ಮಾಸ್ತರ್ರ. ಎಲ್ಲಾ ತಗದು ಕೊಟ್ರ ನನ್ನದು ಅಂತ ಏನು ಉಳೀತ್ರಿ? ತಗದು ಕೊಡದಿದ್ರ ಹೊರಗ ಹಾಕ್ತಾನ. ಮತ್ತ ಎಲ್ಲಾರೂ ಆಶೀವಾರ್ದ ಬರಕೋತ ಕುಂಡ್ರತಾರ. ಕೂಡಿಕೊಂಡು ಹೋಗಾಕ ನಾ ಏನು ಕಡಿಮಿ ಮಾಡೀನ್ರಿ? ಕೊಂಡಿ ಸೈತ ಕೊಟ್ಟೀನಿ. ನಲವತ್ತು ಕೊಂಡಿ!”

ಒಂದು ತಂತ್ರಾಂಶ ಇನ್ನೊಂದನ್ನು ಹಿಡಿದುಕೊಳ್ಳುವ ಜಾಗಕ್ಕೆ ಇವರೆಲ್ಲ ಕೊಂಡಿ ಎನ್ನುತ್ತಿದ್ದರು. ಆ ಹೆಸರಿಟ್ಟವರೂ ಮಾಸ್ತರರೇ.

ಮಾಸ್ತರರ ಕೈ ಶೇಂಗಾದ ಮೇಲೆ ನಿಂತಿತು.

“ಕೊಂಡಿ ಅಂದಿ ಅಲ್ಲ. ಹಂಗಾದ್ರ ಕುಂದ್ರು. ಒಂದು ಸೀರಿ ಕತಿ ಹೇಳ್ತೀನಿ.”

ಅವರು ಹೇಳಿದ ಕತೆ ಇದು. ಹೇಳುವಾಗ ನಡುನಡುವೆ ಶೇಂಗಾ ಬಾಯಿಗೆ ಹೋಗುತ್ತಿತ್ತು. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಇಲ್ಲಿ ಬರೆದಿದೆ.

ಒಂದು ಊರಿನಲ್ಲಿ ಒಬ್ಬ ನೇಕಾರ ಇದ್ದ. ಆ ಊರಿನಲ್ಲಿ ಇಡೀ ಸೀರೆಯನ್ನು ಒಬ್ಬರೇ ನೇಯುತ್ತಿರಲಿಲ್ಲ. ಒಡಲನ್ನು, ಅಂದರೆ ಸೀರೆಯ ಮೈಯನ್ನು, ಒಂದು ಮಗ್ಗದವರು ನೇಯುತ್ತಿದ್ದರು, ಸೆರಗನ್ನು ಇನ್ನೊಂದು ಮಗ್ಗದವರು. ಸೆರಗಿಗೆ ಮೂರು ಕಡೆ ದಡಿ, ಅಂದರೆ ಅಂಚು. ನಾಲ್ಕನೆಯ ಕಡೆ ಎಳೆಗಳನ್ನು ನೇಯದೆ ಗೇಣುದ್ದ ಹಾಗೆಯೇ ಬಿಡಬೇಕು. ಒಡಲಿನ ತುದಿಯಲ್ಲೂ ಎಳೆಗಳು ಹಾಗೆಯೇ ಬಿಚ್ಚಿಕೊಂಡಿರುತ್ತಿದ್ದವು. ಇದರ ಒಂದೊಂದು ಎಳೆಯನ್ನು ಅದರ ಒಂದೊಂದು ಎಳೆಯೊಳಗೆ ಕುಣಿಕೆ ಮಾಡಿ ಸೇರಿಸಬೇಕು. ಆ ಕುಣಿಕೆಗೆ ಕೊಂಡಿ ಎಂದು ಹೆಸರು. ಕೊಂಡಿ ಹಾಕುವುದಕ್ಕೆಂದೇ ಊರಿನಲ್ಲಿ ಒಬ್ಬ ಮುದುಕಿ ಇದ್ದಳು.

ನೇಕಾರನದು ಸೆರಗಿನ ಮಗ್ಗ. ಅವನ ಸೆರಗಿಗೆ ಸಾಟಿ ಇರಲಿಲ್ಲ. ಜನ ಹಾಗೆ ಹೇಳುತ್ತಿದ್ದರು. ಹೇಳಿ ಹೇಳಿ ಅದು ಅವನ ಕಿವಿಗೂ ಬಿತ್ತು, ಕಿವಿಯಿಂದ ತಲೆಗೇರಿತು.

ಒಂದು ದಿನ ಅವನು ತಾನು ನೇಯ್ದ ಸೆರಗನ್ನು ಹರವಿಕೊಂಡು ನೋಡಿದ. ಮೂರು ಕಡೆ ದಡಿ ಮಿರಿಮಿರಿ ಮಿಂಚುತ್ತಿತ್ತು. ನಾಲ್ಕನೆಯ ಕಡೆ ಎಳೆಗಳು ಜೋಲುತ್ತಿದ್ದವು. ಇಷ್ಟು ಚೆಂದದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋದಂತೆ ಕಾಣುತ್ತಿದೆಯಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಅಂದಿನಿಂದ ನಾಲ್ಕನೆಯ ಕಡೆಗೂ ದಡಿ ನೇಯತೊಡಗಿದ. ದಡಿಯಲ್ಲಿ ಹಳದಿ ನೂಲಿನಿಂದ ತನ್ನ ಹೆಸರನ್ನೂ ಕೂಡಿಸಿದ. ಈಗ ಸೆರಗು ಯಾವ ಕಡೆಯಿಂದ ನೋಡಿದರೂ ಪೂರ್ತಿಯಾಗಿತ್ತು. ಅವನಿಗೆ ನೆಮ್ಮದಿಯಾಯಿತು.

ಸೆರಗುಗಳ ಗಂಟು ಒಬ್ಬ ಸಾವಕಾರನ ಅಂಗಡಿಗೆ ಹೋಯಿತು. ಸೀರೆ ಕೂಡಿಸುವ ಕೆಲಸವೆಲ್ಲ ಅವನದೇ ಉಸ್ತುವಾರಿ. ನಾಲ್ಕೂ ಕಡೆ ದಡಿ ಇರುವ ಸೆರಗಿಗೆ ಕೊಂಡಿ ಹಾಕಲು ಎಳೆಯೇ ಇರಲಿಲ್ಲ. ಮದುವೆಯ ಅವಸರ ಬೇರೆ. ಸಾವಕಾರ ಸೂಜಿದಾರ ತರಿಸಿ ಒಡಲಿಗೆ ಸೆರಗನ್ನು ಹೊಲಿಸಿಬಿಟ್ಟ.

ಆ ಸೀರೆ ಒಂದು ಮದುವೆಮನೆಗೆ ಹೋಯಿತು. ಒಡಲಿಗೂ ಸೆರಗಿಗೂ ನಡುವೆ ಹೊಲಿಗೆಯ ದಿಂಡು ಎದ್ದು ಕಾಣುತ್ತಿತ್ತು. ಅದರ ಪಕ್ಕದಲ್ಲೇ ಅಡ್ಡಡ್ಡಲಾಗಿ ನಾಲ್ಕನೆಯ ದಡಿ, ದಡಿಯಲ್ಲಿ ಯಾರದೋ ಹೆಸರು. ಅತ್ತೆಯಾಗುವವಳು ಮುಟ್ಟಿ ನೋಡಿದಳು. “ಹೊಸಾ ಸೀರಿಗೆ ತ್ಯಾಪಿ ಯಾಕ ಹಚ್ಚೀರಿ?” ಎಂದಳು. ಸೀರೆ ಅಂಗಡಿಗೆ ವಾಪಸು ಬಂತು.

ಸಾವಕಾರ ನೇಕಾರನನ್ನು ಕರೆಸಿದ. ನಾಲ್ಕನೆಯ ದಡಿ ಬಿಚ್ಚಿಕೊಡು ಎಂದ. ಬಿಚ್ಚಿದರೆ ನನ್ನ ಹೆಸರು ಹೋಗುತ್ತದೆ ಎಂದ ನೇಕಾರ. ಸಾವಕಾರ ಹೆಚ್ಚು ಮಾತಾಡಲಿಲ್ಲ. ಬೇರೆ ಕಡೆ ನೋಡು ಎಂದ. ನೇಕಾರ ಬೇರೆ ಕಡೆ ನೋಡಿದ. ಎಲ್ಲರೂ ಸೆರಗನ್ನು ಹೊಗಳಿದರು, ಹೊಗಳಿ ಮಡಿಚಿ ಕೈಗಿಟ್ಟರು. ಮೂರು ತಿಂಗಳಲ್ಲಿ ಅವನ ಮಗ್ಗ ನಿಂತಿತು. ಆ ಕೇರಿಯಲ್ಲಿ ಎಲ್ಲ ಮನೆಗಳಿಂದಲೂ ಲಟಕ್ ಲಟಕ್ ಎನ್ನುವ ಸದ್ದು ಬರುತ್ತಿತ್ತು, ಅವನ ಮನೆಯೊಂದನ್ನು ಬಿಟ್ಟು. ನೇಯುವವನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಅವನು ಬಾಗಿಲು ಮುಚ್ಚಿಕೊಂಡು ಕೂರತೊಡಗಿದ.

ಕೊನೆಗೆ ತಡೆಯಲಾರದೆ ಸೆರಗಿನ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಮತ್ತೆ ಮೊದಲಿನ ಸಾವಕಾರನ ಮನೆಗೇ ಹೋದ. ಊಟದ ಹೊತ್ತಾಗಿತ್ತು. ಸಾವಕಾರ ಒಳ್ಳೆಯವನು, ಕೈ ಹಿಡಿದು ಪಂಕ್ತಿಯಲ್ಲಿ ಕೂಡಿಸಿದ. ಸಾವಕಾರನ ಹೆಂಡತಿ ರೊಟ್ಟಿಯ ಬುಟ್ಟಿ ತಂದು ನಡುವೆ ಇಟ್ಟಳು. ಬುಟ್ಟಿಯ ಮೇಲೆ ಕೆಂಪು ರೇಷ್ಮೆಯ ಬಟ್ಟೆ ಮುಚ್ಚಿತ್ತು. ದಡಿಯಲ್ಲಿ ಹಳದಿ ನೂಲಿನ ಹೆಸರಿತ್ತು.

ನೇಕಾರ ತುತ್ತು ಎತ್ತಿದವನು ಹಾಗೆಯೇ ಕುಳಿತ. “ಅಕ್ಕಾ, ಇದು ನನ್ನ ಸೆರಗಲ್ಲೇನ್ರಿ?” ಎಂದ.

“ಹೌದಪಾ ಅಣ್ಣಾ,” ಎಂದಳು ಆಕೆ ಬಹಳ ಸಂತೋಷದಿಂದ. “ನಾಲ್ಕೂ ಕಡಿ ದಡಿ ಐತಿ ನೋಡು, ಬುಟ್ಟಿಗೆ ಹೇಳಿ ಮಾಡಿಸಿದಂಗ ಕೂಡತೈತಿ. ರೊಟ್ಟಿ ಸಂಜೀತನಾ ಮೆತ್ತಗ ಇರತಾವ.”

ನೇಕಾರ ಎತ್ತಿದ ತುತ್ತನ್ನು ಕೆಳಗಿಟ್ಟ. ಎದ್ದು ಕೈ ತೊಳೆದುಕೊಂಡು ಹೊರಟ. ಮನೆಗೆ ಹೋಗಲು ಮನಸ್ಸಾಗಲಿಲ್ಲ. ಕಂಕುಳಲ್ಲಿ ಇದ್ದ ಸೆರಗಿನ ಗಂಟಿನೊಡನೆ ಕೊಂಡಿ ಹಾಕುವ ಮುದುಕಿಯ ಮನೆಯ ಮುಂದೆ ಬಂದು ನಿಂತ. ಇಪ್ಪತ್ತು ವರ್ಷ ಅವನ ಸೆರಗುಗಳೆಲ್ಲ ಅವಳ ಕೈಯನ್ನು ಹಾದು ಹೋಗಿದ್ದವು. ಅವನು ಒಂದು ಸಲವೂ ಅವಳ ಮನೆಗೆ ಬಂದಿರಲಿಲ್ಲ.

ಮುದುಕಿಗೆ ಕಣ್ಣು ಮಂಜಾಗಿತ್ತು. ಅವಳು ಸೆರಗನ್ನು ತೊಡೆಯ ಮೇಲೆ ಹರವಿ ಬೆರಳಿನಿಂದ ಅಂಚು ಹಿಡಿದು ನಡೆದಳು. ಒಂದು ಬದಿ, ಎರಡು ಬದಿ, ಮೂರು ಬದಿ, ನಾಲ್ಕು ಬದಿ. ಬೆರಳು ಮತ್ತೆ ಹೊರಟಲ್ಲಿಗೇ ಬಂತು.

“ಎಲ್ಲಾ ಕಡಿ ಬಾಗಲಾ ಹಾಕೀಯಲ್ಲೋ ತಮ್ಮಾ,” ಎಂದಳು. “ನಾ ಒಳಗ ಹೆಂಗ ಬರಲಿ?”

“ಬಾಗಲಾ ತಗದ್ರ ನನ್ನ ಹೆಸರು ಹೋಗತೈತಿ, ಆಯಿ.”

ಮುದುಕಿ ನಕ್ಕಳು. ಅವಳ ಬಾಯಲ್ಲಿ ಎರಡೇ ಹಲ್ಲು. “ಇಪ್ಪತ್ತು ವರ್ಷ ಕೊಂಡಿ ಹಾಕೀನಿ. ನನಗ ಓದಾಕ ಬರೂದಿಲ್ಲ. ಎಳಿ ಕೈಗೆ ಹತ್ತಿದ ಕೂಡಲೇ ಇದು ನಿಂದು ಅಂತ ಗೊತ್ತಾಗತಿತ್ತು. ಈಗ ಹೆಸರ ಬರದಿ, ಎಳಿ ಮುಚ್ಚಿದಿ. ಇದು ಯಾರದೋ ಏನೋ, ನನಗ ತಿಳೀವಲ್ದು.”

ನೇಕಾರ ಅಲ್ಲೇ ಹೊಸ್ತಿಲ ಮೇಲೆ ಕುಳಿತು ಸೂಜಿಯ ಮೊನೆಯಿಂದ ನಾಲ್ಕನೆಯ ದಡಿಯನ್ನು ಬಿಚ್ಚತೊಡಗಿದ. ನೇಯಲು ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಹೆಸರಿನ ಒಂದೊಂದು ಅಕ್ಷರ ಬಿಚ್ಚಿದಾಗಲೂ ಅವನಿಗೆ ಸಂಕಟವಾಯಿತು. ಬಿಚ್ಚಿ ಮುಗಿದಾಗ ಎಳೆಗಳು ಗೇಣುದ್ದ ಜೋಲಾಡಿದವು. ಮುದುಕಿ ಅವನ್ನು ಬೆರಳಲ್ಲಿ ಉಜ್ಜಿ ನೋಡಿ, “ಹಾಂ, ಈಗ ನಿಂದು,” ಎಂದಳು.

ಮುಂದಿನ ಮದುವೆ ಸಾವಕಾರನ ಮಗಳದೇ. ನೇಕಾರ ಹಂದರದ ಹಿಂದೆ ಒಂದು ಕಂಬಕ್ಕೆ ಒರಗಿ ನಿಂತಿದ್ದ. ಮದುಮಗಳು ಉಟ್ಟದ್ದು ಅವನ ಸೆರಗಿನ ಸೀರೆ. ಒಡಲು ಎಲ್ಲಿ ಮುಗಿಯಿತು, ಸೆರಗು ಎಲ್ಲಿ ಶುರುವಾಯಿತು ಎಂದು ಹೇಳುವ ಹಾಗೇ ಇರಲಿಲ್ಲ. ಬಂದವರೆಲ್ಲ ಸೀರೆ ಎಷ್ಟು ಚೆಂದ ಎಂದರು. ಸೆರಗು ಚೆಂದ ಎಂದು ಒಬ್ಬರೂ ಬಿಡಿಸಿ ಹೇಳಲಿಲ್ಲ. ನೇಕಾರನಿಗೆ ಬೇಸರವಾಯಿತು. ಸುಳ್ಳು ಯಾಕೆ ಹೇಳಬೇಕು, ಬೇಸರವಾದದ್ದು ನಿಜ.

ಅಷ್ಟರಲ್ಲಿ ಹಿರಿಯರು ಅಕ್ಷತೆ ಹಾಕಲು ಬಂದರು. ಮದುಮಗಳು ಎದ್ದು ನಿಂತಳು. ಒಡಲು ಅವಳ ಸೊಂಟದಲ್ಲಿ ಇದ್ದಲ್ಲೇ ಇತ್ತು. ಅವಳು ಎರಡೂ ಕೈಯಿಂದ ಸೆರಗನ್ನು ತೆಗೆದುಕೊಂಡು ತಲೆಯ ಮೇಲೆ ಹೊದ್ದು, ಹಿರಿಯರ ಕಾಲಿಗೆ ಬಾಗಿದಳು.

ಆ ದಿನ ನೇಕಾರ ನಾಲ್ಕು ಹೋಳಿಗೆ ಹೆಚ್ಚು ತಿಂದ. ಮರುದಿನ ಬೆಳಿಗ್ಗೆ ಕೇರಿಯಲ್ಲಿ ಎಲ್ಲರಿಗಿಂತ ಮೊದಲು ಅವನ ಮಗ್ಗದ ಸದ್ದು ಕೇಳಿಸಿತು.

ಮಾಸ್ತರರು ಕತೆ ನಿಲ್ಲಿಸಿ ಸಿಪ್ಪೆಯನ್ನು ಒಟ್ಟುಗೂಡಿಸಿದರು. ರೊಟ್ಟಿಯ ಬುಟ್ಟಿ ಬಂದಾಗ ದಾಕ್ಷಾಯಣಿ ಗಟ್ಟಿಯಾಗಿ ನಕ್ಕಿದ್ದಳು. ದಡಿ ಬಿಚ್ಚುವಾಗ ಅವಳ ನಗೆ ನಿಂತಿತ್ತು. ಈಗ ಅವಳು ತನ್ನ ಕಂಪ್ಯೂಟರನ್ನು ತೊಡೆಯ ಮೇಲೆ ತೆರೆದು ಕುಳಿತಿದ್ದಳು. ಪರದೆಯ ಮೇಲೆ ಅಕ್ಷತೆ ಇತ್ತು, ಅದರ ನಡುವೆ ಗರಿ. ಹಸಿರು ಪಟ್ಟಿ ಗಣಪತಿಯ ಚಿತ್ರದ ಪಾದದ ಕೆಳಗೆ ಅಡ್ಡಡ್ಡ ಹಾದು ಹೋಗಿತ್ತು. ಐದು ವರ್ಷದಲ್ಲಿ ಮೊದಲ ಸಲ ಅದು ಅವಳ ಕಣ್ಣಿಗೆ ತೇಪೆಯಂತೆ ಕಂಡಿತು.

“ನನ್ನ ಗರಿ ರೊಟ್ಟಿ ಬುಟ್ಟಿ ಮುಚ್ಚಾಕತ್ತೈತಲ್ರಿ ಮಾಸ್ತರ್ರ,” ಎಂದಳು ಸಣ್ಣ ದನಿಯಲ್ಲಿ.

“ಅದರೊಳಗ ‘ಆಶೀರ್ವಾದ’ ಬರಿ, ನೋಡೋಣು,” ಎಂದರು ಮಾಸ್ತರರು.

ಬರೆದಳು. ಅರ್ಕಾವೊತ್ತು ಬೆಕ್ಕಿನ ಮರಿಯಂತೆ ಬಂದು ತನ್ನ ಜಾಗದಲ್ಲಿ ಕುಳಿತಿತು.

“ಇದು ಯಾರ ಕೈ?”

“ನಂದ್ರಿ.”

“ಪಟ್ಟಿ ತಗದ್ರ ಇದು ಹೋಗತೈತೇನು?”

“ಇಲ್ರಿ,” ಎಂದಳು. ಅವಳಿಗೆ ಅಳು ಬಂದಂತಾಯಿತು, ನಗುವೂ ಬಂತು. ಅಳುವುದನ್ನು ಬಿಟ್ಟು ಮೆಹಬೂಬನಿಗೆ ಫೋನು ಹಚ್ಚಿದಳು.

“ಮೆಹಬೂಬ, ಸಂಜೀತನಾ ತಡಿ. ಗರಿ ನಿನ್ನ ಮನಿಗೆ ಬಂದಾಗ ಪಟ್ಟಿ, ಗುಂಡಿ ಎಲ್ಲಾ ಹೊರಗ ಬಿಟ್ಟು ಬರತೈತಿ. ಸ್ವಾಗತ ಹೇಳೂದು ನಿಂದ ಕೆಲಸ. ಕಪಾಟಾನೂ ಇರೂದಿಲ್ಲ. ಅದರೊಳಗ ಒಂದೊಂದು ಅಕ್ಷರ ಬರದ ಕೂಡಲೇ ಅಕ್ಷತೆ ಕೈಗೆ ಕೊಡತೈತಿ. ಉಳಿಸೂದು ಬಿಡೂದು ನಿಂದು.”

ಆ ಕಡೆ ಮೆಹಬೂಬ ದೊಡ್ಡದಾಗಿ ಉಸಿರು ಬಿಟ್ಟದ್ದು ಮಾಸ್ತರರಿಗೂ ಕೇಳಿಸಿತು.

“ಅಕ್ಕಾ, ನಿಮಗ ಖರೇ ಹೇಳ್ತೀನ್ರಿ. ಬೆಳಗಿನಿಂದ ಅದನ್ನ ತಗಿಯಾಕಂತ ಕುಂತೀನಿ, ಕೈ ಬರವಲ್ದು. ಗರಿ ಹೋದ್ರ ನನಗ ಆಶೀರ್ವಾದ ಬರದು ಕೊಡಾವ್ರು ಯಾರದಾರ್ರಿ? ಅಂದಂಗ ಆ ಪತ್ರಿಕಿ ಮತ್ತ ಅಚ್ಚು ಹಾಕೂದೈತಿ. ಹುಡುಗಿ ಅಜ್ಜಾರು ಒಂದು ಮಾತು ಹೇಳಿ ಕಳಿಸ್ಯಾರ. ಹೆಸರು ಬಂದ ಮ್ಯಾಲೆ ಬಿಡಬಾರದು, ಗರಿ ಮನೆತನದವರನ್ನೂ ಲಗ್ನಕ್ಕ ಕರೀರಿ ಅಂತ.”

ದಾಕ್ಷಾಯಣಿ ನಗುತ್ತಲೇ ಫೋನು ಇಟ್ಟಳು. ಎದೆಯ ಮೇಲಿನ ಕಲ್ಲು ಇಳಿದಿತ್ತು. ತಾನು ಸೋತೆ ಎಂದು ಅನಿಸುವ ಬದಲು ಗೆದ್ದೆ ಎಂದೇ ಅನಿಸುತ್ತಿತ್ತು. ಹಟಮಾರಿಗಳಿಗೆ ಗೆಲುವು ಸಿಕ್ಕರೆ ಸಾಲದು, ಹಳೆಯ ಲೆಕ್ಕದಲ್ಲೂ ತಾವೇ ಸರಿ ಎಂದು ಯಾರಾದರೂ ಒಪ್ಪಬೇಕು. ಅವಳು ಒಂದು ಹಿಡಿ ಶೇಂಗಾ ಬಾಯಿಗೆ ಹಾಕಿಕೊಂಡು, ಕಾಲು ಇಳಿಬಿಟ್ಟು, ಮಾಸ್ತರರ ಕಡೆ ತಿರುಗಿದಳು.

“ಆದ್ರೂ ನೀವು ಒಂದು ಮಾತು ಒಪ್ಪಬೇಕ್ರಿ ಮಾಸ್ತರ್ರ. ಆ ನೇಕಾರ ಒಂದೂ ಕೊಂಡಿಗೆ ಜಾಗಾ ಬಿಟ್ಟಿರಲಿಲ್ಲ. ನಾ ಹಂಗ ಮಾಡಿಲ್ಲ. ಮೊದಲಿಂದಾನೂ ನಲವತ್ತು ಕೊಂಡಿ ಕೊಟ್ಟೀನಿ.”

“ಹೌದಲ್ಲ, ಮರತಿದ್ದೆ,” ಎಂದರು ಮಾಸ್ತರರು. “ಏನು ಮಾಡತಾವ ಅವು?”

“ಬಾಳ ಚುರುಕ ಅದಾವ್ರಿ. ಅಕ್ಷತೆಗಂತ ಯಾರರೆ ಕೀಲಿ ಒತ್ತಿದ್ರ ಗರಿ ನಡುವ ಹಿಡೀತೈತಿ. ಅಕ್ಷತೆ ಕಿಟಕಿ ಮುಚ್ಚಾಕ ಹೋದ್ರ ಗರಿ ತಡೀತೈತಿ. ಅಕ್ಷತೆ ತನ್ನ ಬಣ್ಣ ಬದಲ ಮಾಡಿದ್ರ ಗರಿ ಬಂದು…” ಎಂದವಳ ಮಾತು ನಿಧಾನವಾಯಿತು.

ಮಾಸ್ತರರು ಕೊನೆಯ ಶೇಂಗಾವನ್ನು ಸುಲಿದು ಅವಳ ಅಂಗೈಯಲ್ಲಿ ಇಟ್ಟರು.

“ಕೊಂಡಿ ಚೇಳಿಗೂ ಐತಿ ತಂಗಿ, ಅದು ಇವತ್ತಿನತನಾ ಯಾರನ್ನೂ ಜೋಡಿಸಿಲ್ಲ.”